ಆರಾಳಿನ ಅಟ್ಟಣೆ

ಅತ್ತಿಗೆಯ ನಗುವಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ತಕರಾರು ತೆಗೆಯಬಾರದು. ಅದು ಸುಮ್ಮನೆ ಬಂದು ಹೋಗುವ ನಗುವಲ್ಲ. ಮೊದಲು ಭುಜ ಅಲುಗುತ್ತದೆ. ಆಮೇಲೆ ಮೂಗಿನಿಂದ ಒಂದು ಸಣ್ಣ ಸದ್ದು, ಕುಕ್ಕರು ಕೂಗುವ ಮುಂಚೆ ಬರುತ್ತದಲ್ಲ, ಅಂಥದ್ದು. ಹತ್ತಿರದಲ್ಲಿದ್ದವರು ಅಷ್ಟಕ್ಕೇ ಕೈಯಲ್ಲಿರುವ ಲೋಟ ಕೆಳಗಿಟ್ಟುಬಿಡಬೇಕು. ಮುಂದಿನದು ಬಂತೆಂದರೆ ನಗುವವರಿಗೂ ತಡೆಯಲಾಗುವುದಿಲ್ಲ, ಕೇಳುವವರಿಗೂ ತಡೆಯಲಾಗುವುದಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು, ಸಾಕು ಸಾಕು ಎನ್ನುತ್ತ ಎಲ್ಲರೂ ಗೋಡೆ ಹುಡುಕಬೇಕಾಗುತ್ತದೆ.

ಇಂಥ ನಗು ಇಟ್ಟುಕೊಂಡು ಅತ್ತಿಗೆ ವರ್ಷಗಟ್ಟಲೆ ಒಂದು ದೊಡ್ಡ ಕಚೇರಿಯಲ್ಲಿ ಕಟ್ಟಡಗಳ ಲೆಕ್ಕ ಹಾಕುತ್ತಿದ್ದರು. ಯಾವ ತೊಲೆ ಎಷ್ಟು ಭಾರ ಹೊರುತ್ತದೆ, ಯಾವ ಕಂಬ ಎಷ್ಟು ಗಾಳಿಗೆ ಬಗ್ಗುತ್ತದೆ, ಅದು ಅವರ ಕೆಲಸ. ಅದರಲ್ಲಿ ಎತ್ತಿದ ಕೈ. ಆದರೆ ಅಲ್ಲಿನ ಯಜಮಾನರು, ಗಾಜಿನ ಕೋಣೆಯಲ್ಲಿ ಕೂರುವ ಮನುಷ್ಯ, ಒಂದು ದಿನ ಒಳಗೆ ಕರೆದು, "ನಿಮ್ಮ ಲೆಕ್ಕ ಚೆನ್ನಾಗಿದೆ. ನಗು ಸ್ವಲ್ಪ ಕಡಿಮೆ ಮಾಡಿ. ಬಂದೋರು ಏನಂದ್ಕೋತಾರೆ" ಎಂದರಂತೆ. ಅಲ್ಲ ಸ್ವಾಮಿ, ಕಟ್ಟಡ ಬಿದ್ದರೆ ಜನ ಏನಾದರೂ ಅಂದುಕೊಳ್ಳಲಿ, ಇಂಜಿನಿಯರು ನಕ್ಕರೆ ಅಂದುಕೊಳ್ಳುವುದೇನಿದೆ? ಅತ್ತಿಗೆ ತಲೆಯಾಡಿಸಿ ಹೊರಗೆ ಬಂದರು, ಕಡಿಮೆ ಮಾಡಿದರು. ಮನೆಯಲ್ಲಂತೂ ಮೊದಲಿನಿಂದಲೂ ಕಡಿಮೆಯೇ. ಅತ್ತೆ ಒಳ್ಳೆಯವರು, ಆದರೆ ತಮಾಷೆ ಹೇಳಿದರೆ "ಆಮೇಲೇನಾಯ್ತು" ಎಂದು ಕೇಳುವ ಪೈಕಿ. ಗಂಡ ಪಾಪದವನು, ಮೀಸೆಯಡಿಯಲ್ಲೇ ನಕ್ಕು ಮುಗಿಸುತ್ತಾನೆ.

ಆ ನಗುವಿಗೆ ಜಾಗ ಮಾಡಿಕೊಟ್ಟವಳು ನಾದಿನಿ. ಗಂಡನ ತಂಗಿ. ಅವಳನ್ನು ಮನೆ, ಬೀದಿ, ಶಾಲೆ ಎಲ್ಲ ಸೇರಿ ಚಿಕ್ಕಂದಿನಲ್ಲೇ ಕಡ್ಡಿ ಎಂದು ಕರೆದುಬಿಟ್ಟಿದ್ದರು. ಉದ್ದಕ್ಕೆ, ತೆಳ್ಳಗೆ, ಗಾಳಿ ಬಂದರೆ ಯಾವ ಕಡೆ ಹೋಗುತ್ತಾಳೋ ಎನ್ನುವ ಹಾಗೆ ಇದ್ದಳು, ಈಗಲೂ ಹಾಗೇ ಇದ್ದಾಳೆ. ಅದೇ ದೊಡ್ಡ ಕಚೇರಿಯಲ್ಲಿ ಕಡ್ಡಿ ನಕ್ಷೆ ಬರೆಯುತ್ತಿದ್ದಳು. ಅತ್ತಿಗೆ ಗಾಜಿನ ಕೋಣೆಯಿಂದ ಮುಖ ಚಿಕ್ಕದು ಮಾಡಿಕೊಂಡು ಹೊರಗೆ ಬಂದದ್ದನ್ನು ನೋಡಿದ ದಿನವೇ ಅವಳ ಪಿತ್ತ ನೆತ್ತಿಗೇರಿತು. "ನಡೀರಿ ಅತ್ತಿಗೆ, ನಮ್ಮದೇ ಒಂದು ಶುರು ಮಾಡೋಣ" ಎಂದಳು. ಹಾಗೆ ದರ್ಜಿಯ ಅಂಗಡಿಯ ಮೇಲಿನ ಕೋಣೆಯಲ್ಲಿ, ಹಲ್ಲಿನ ಡಾಕ್ಟರ ಎದುರು ಬಾಗಿಲಿನಲ್ಲಿ, ಒಂದು ಮೇಜು ಎರಡು ಕುರ್ಚಿ ಹಾಕಿ ಅತ್ತಿಗೆ ನಾದಿನಿಯರ ಕಚೇರಿ ತೆರೆಯಿತು. ಕಡ್ಡಿ ಗೆರೆ ಎಳೆಯುವವಳು, ಆ ಗೆರೆ ಬೀಳದ ಹಾಗೆ ನೋಡಿಕೊಳ್ಳುವವರು ಅತ್ತಿಗೆ. ಮೊದಲ ವಾರವೇ ಅತ್ತಿಗೆ ನಕ್ಕ ರಭಸಕ್ಕೆ ಡಾಕ್ಟರು ಚಿಮಟ ಹಿಡಿದುಕೊಂಡೇ ಹೊರಗೆ ಓಡಿ ಬಂದು, ಯಾರಿಗೇನಾಯಿತು ಎಂದು ಕೇಳಿದ್ದರು.

ಆದರೆ ನಗುವಿದ್ದರೆ ಸಾಲದಲ್ಲ, ಕೆಲಸವೂ ಬರಬೇಕು. ಬಂದದ್ದೇನು? ಒಂದು ನಾಯಿಮನೆ. ಡಾಕ್ಟರ ಔಷಧಿ ಬೀರು. ಮತ್ತೊಬ್ಬರ ತಾರಸಿಯ ಏಣಿ. ಇದರ ಮಧ್ಯೆ ಗಾಜಿನ ಕೋಣೆಯ ಯಜಮಾನರೇ ಫೋನು ಮಾಡಿ, ಲೆಕ್ಕದವರು ಯಾರೂ ಸರಿಯಾಗಿ ಸಿಗುತ್ತಿಲ್ಲ, ವಾಪಸ್ಸು ಬನ್ನಿ, ದೊಡ್ಡ ಮೇಜು ಕೊಡುತ್ತೇವೆ, ತಿಂಗಳ ಕೊನೆಯ ಶನಿವಾರ ಸಂಜೆಯೊಳಗೆ ಹೇಳಿ, ಸೋಮವಾರ ಬಂದು ಕೂತುಕೊಳ್ಳಿ ಎಂದರು. ಕರೆದದ್ದು ಅತ್ತಿಗೆಯನ್ನು ಮಾತ್ರ.

"ನೋಡೋಣ ಕಡ್ಡಿ," ಎಂದರು ಅತ್ತಿಗೆ, ಕಿಟಕಿ ಕಡೆ ಮುಖ ಮಾಡಿ. "ಶನಿವಾರದೊಳಗೆ ಒಂದು ಸರಿಯಾದ ಕೆಲಸ ಸಿಕ್ಕರೆ ಇಲ್ಲೇ. ಇಲ್ಲಾಂದ್ರೆ ಹೋಗ್ತೀನಿ. ನಾಯಿಮನೆ ಎಷ್ಟು ಅಂತ ಕಟ್ಟೋದು."

ಕಡ್ಡಿ ಪೆನ್ಸಿಲನ್ನು ಅದರ ಮೊನೆ ಮುರಿಯುವ ತನಕ ಕೆತ್ತಿದಳು. ಅತ್ತಿಗೆ ಹೋದರೂ ಮನೆಯಲ್ಲಿ ಇದ್ದೇ ಇರುತ್ತಾರೆ, ನಿಜ. ಆದರೆ ಮನೆಯಲ್ಲಿ ಸಿಗುವ ಅತ್ತಿಗೆ ಬೇರೆ, ಮೇಜಿನ ಆಚೆ ಕೂತಿರುವ ಅತ್ತಿಗೆ ಬೇರೆ. ಈ ಎರಡನೆಯ ಅತ್ತಿಗೆ ಮಾಯವಾದರೆ ಹುಡುಕಿಕೊಂಡು ಎಲ್ಲಿಗೆ ಹೋಗುವುದು? ಇದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. "ಹೂಂ" ಎಂದಳು, ಅಷ್ಟೇ.

ಅದೇ ವಾರ ಜೌಗಿನ ಅಧ್ಯಕ್ಷರ ಫೋನು ಬಂತು.

ಜೌಗು ಎಂದರೆ ಊರಾಚೆಯ ಜೌಗುನೆಲ. ಕೆಸರು, ಆಪು ಎನ್ನುವ ಜೊಂಡುಹುಲ್ಲು, ನೀರು, ಹಕ್ಕಿ. ಅದನ್ನು ನೋಡಿಕೊಳ್ಳಲು ಒಂದು ಸಂಘ, ಸಂಘಕ್ಕೆ ಒಬ್ಬ ಅಧ್ಯಕ್ಷರು. ಇವರು ಕೆಲಸದಲ್ಲಿದ್ದಾಗ ರೈಲು ನಿಲ್ದಾಣದಲ್ಲಿ ಗಾಡಿ ಬರುವುದನ್ನು, ತಡವಾಗುವುದನ್ನು ಮೈಕಿನಲ್ಲಿ ಹೇಳುತ್ತಿದ್ದವರು. ಜೀವಮಾನವೆಲ್ಲ ಕೂಗಿದ್ದು ಸಾಕಾಯಿತೋ ಏನೋ, ನಿವೃತ್ತರಾದ ಮೇಲೆ ಹಕ್ಕಿಗಳ ಸಹವಾಸಕ್ಕೆ ಬಿದ್ದು ಬರೀ ಪಿಸುಗುಡತೊಡಗಿದ್ದರು. ಫೋನಿನಲ್ಲೂ ಪಿಸುಮಾತೇ. ಕಡ್ಡಿ ಫೋನನ್ನು ಕಿವಿಯೊಳಗೆ ತುರುಕಿಕೊಂಡರೂ ಅರ್ಧ ಮಾತು ಗಾಳಿಗೆ ಹೋಗುತ್ತಿತ್ತು.

"ಹಕ್ಕಿ ನೋಡೋಕೆ ಒಂದು ಅಟ್ಟಣೆ ಬೇಕು. ಸಿಮೆಂಟು ಬೇಡ, ಕಬ್ಬಿಣ ಬೇಡ. ಮುಂದೊಂದು ದಿನ ಕೊಳೆತರೆ ಅಲ್ಲೇ ಕೆಸರಿಗೆ ಸೇರ್ಬೇಕು. ಯಂತ್ರ ತರೋ ಹಾಗಿಲ್ಲ, ಹಕ್ಕಿ ಗೂಡು ಕಟ್ಟೋ ಕಾಲ."

"ಆಗ್ಲಿ ಸರ್. ಎಷ್ಟು ದೊಡ್ಡದು?"

"ಆರಾಳಿನ ಅಟ್ಟಣೆ. ಹೆಚ್ಚಿಲ್ಲ, ಕಡಿಮೆಯಿಲ್ಲ."

"ಬಂದು ಜಾಗ ನೋಡ್ಬಹುದಾ?"

"ಈಗ ಯಾರನ್ನೂ ಬಿಡ್ತಿಲ್ಲ. ಕೆಸರು ಕಳಿಸ್ತೀನಿ."

ಇದೇನು ತಮಾಷೆ ಎಂದುಕೊಂಡರೆ, ಮಾರನೆಯ ದಿನ ಬಸ್ಸಿನಲ್ಲಿ ಒಂದು ಬಕೆಟ್ಟು ಕೆಸರು ನಿಜವಾಗಿಯೂ ಬಂತು, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು. ಜೊತೆಗೆ ಒಂದು ಚೀಟಿಯೂ ಇಲ್ಲ. ಕಡ್ಡಿ ಸುಮ್ಮನಿರದೆ, ಆರಾಳು ತಾನೇ ಸರ್ ಎಂದು ಇನ್ನೊಮ್ಮೆ ಕೇಳಿದಳು. ಆರಾಳು ಎಂದು ಉತ್ತರ ಬಂತು. ಮೇಲೆ ಎಷ್ಟು ಜನ ನಿಲ್ಲುತ್ತಾರೆ ಎಂದು ಅತ್ತಿಗೆ ಕೇಳಿದ್ದಕ್ಕೆ, "ಹೇಳಿದ್ನಲ್ಲಮ್ಮ" ಎಂದು ಪಿಸುಗುಟ್ಟಿ, ಯಾವುದೋ ಬಾತುಕೋಳಿ ಬಂತೆಂದು ಫೋನು ಇಟ್ಟೇಬಿಟ್ಟರು.

"ಯಾವಾಗ ಹೇಳಿದ್ರು?" ಎಂದರು ಅತ್ತಿಗೆ.

"ವಯಸ್ಸಾಯ್ತಲ್ಲ, ಪಾಪ," ಎಂದಳು ಕಡ್ಡಿ. "ಹತ್ತು ಜನ ಅಂತ ಇಟ್ಕೊಳ್ಳಿ."

ಅತ್ತಿಗೆ ಹತ್ತು ಜನ ಎಂದು ಬರೆದುಕೊಂಡರು. ಆಮೇಲೆ ಪೆನ್ಸಿಲು ಕಿವಿಗೆ ಸಿಕ್ಕಿಸಿ ಕೇಳಿದರು, "ಸರಿ, ಆರಾಳು ಅಂದ್ರೆ ಎಷ್ಟು ಅಡಿ?"

ಕೇಳಬಾರದ ಪ್ರಶ್ನೆಯೇನಲ್ಲ. ಲೆಕ್ಕದವರಿಗೆ ಅಡಿ ಬೇಕು, ಇಂಚು ಬೇಕು. ಆಳು ಎಂದರೆ ಯಾರ ಆಳು? ಕಡ್ಡಿಯೂ ಒಂದು ಆಳು, ಕೆಳಗಿನ ದರ್ಜಿಯೂ ಒಂದು ಆಳು, ದರ್ಜಿ ಕಡ್ಡಿಯ ಭುಜಕ್ಕೆ ಬರುತ್ತಾನೆ. ಕಡ್ಡಿ ಮನೆಗೆ ಫೋನು ಮಾಡಿ ಅಮ್ಮನನ್ನು ಕೇಳಿದಳು. ಅಮ್ಮ ಚಿಕ್ಕಂದಿನಲ್ಲಿ ಬಾವಿಯ ಆಳವನ್ನು ಆಳಿನ ಲೆಕ್ಕದಲ್ಲೇ ಕೇಳಿ ಬೆಳೆದವರು. "ಎರಡಾಳು ನೀರು, ಮೂರಾಳು ನೀರು ಅಂತಿದ್ರು. ಒಬ್ಬ ಆಳು ನಿಂತು ಕೈ ಎತ್ತಿದ್ರೆ ಎಷ್ಟೋ ಅಷ್ಟು," ಎಂದರು ಅಮ್ಮ. "ಯಾಕೆ, ಬಾವಿ ತೋಡ್ತಿದೀರಾ?"

"ಇಲ್ಲಮ್ಮ, ಮೇಲಕ್ಕೆ ಹೋಗ್ತಿದೀವಿ."

"ಆಮೇಲೇನಾಯ್ತು?" ಎಂದರು ಅಮ್ಮ.

ಸರಾಸರಿ ಒಂದು ಆಳನ್ನು ಹಿಡಿದು ಆರರಿಂದ ಗುಣಿಸಿದ್ದರೆ ಮುಗಿಯುತ್ತಿತ್ತು. ಹಾಗೆ ಮಾಡುವ ಜನವೇ ಇವರು? ಆರು ಆಳುಗಳನ್ನು ಉದ್ದಕ್ಕೆ ಮಲಗಿಸಿಯೇ ಅಳೆಯೋಣ ಎಂದಳು ಕಡ್ಡಿ. ಅತ್ತಿಗೆಯ ಭುಜ ಆಗಲೇ ಅಲುಗಲು ಶುರುವಾಗಿತ್ತು. ಬಾಗಿಲಾಚೆ ಒಂದು ಉದ್ದನೆಯ ಓಣಿಯಿತ್ತು, ನೆಲ ಆಗಷ್ಟೇ ಒರೆಸಿತ್ತು. ಮೊದಲು ಕಡ್ಡಿ ಮಲಗಿದಳು. ಅವಳ ಪಾದಕ್ಕೆ ತಲೆ ತಾಗಿಸಿಕೊಂಡು ಅಣ್ಣ ಮಲಗಿದ. ಪಾಪ, ಅವನು ಊಟದ ಡಬ್ಬಿ ಕೊಡಲು ಬಂದವನು. ಮೂರನೆಯವರು ಅತ್ತಿಗೆ. ಸದ್ದು ಕೇಳಿ ಬಂದ ಹಲ್ಲಿನ ಡಾಕ್ಟರು, ವಿಷಯ ತಿಳಿದು, ಬಿಳಿ ಕೋಟಿನ ಗುಂಡಿ ಹಾಕಿಕೊಂಡು ನಾಲ್ಕನೆಯವರಾದರು. ಐದನೆಯದು ಅವರ ರೋಗಿ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಬಂದು ಮಲಗಿದ. ಆರನೆಯವನು ಕೊರಿಯರಿನವನು. ಸಹಿ ಹಾಕಿಕೊಡಿ ಎಂದು ಬಂದವನನ್ನು, ಮೊದಲು ಮಲಗಪ್ಪ, ಆಮೇಲೆ ಸಹಿ ಎಂದು ಮಲಗಿಸಿದರು.

ದರ್ಜಿ ಕುತ್ತಿಗೆಯ ಟೇಪು ತೆಗೆದು ಅಳೆಯಲು ಬಗ್ಗಿದ. ಎಲ್ಲರೂ ಬಾವಿಯಲ್ಲಿ ಮುಳುಗಿದವರ ಹಾಗೆ ಕೈ ಮೇಲೆತ್ತಿದರು, ಮತ್ತೆ ಸಾಲು ಸರಿಮಾಡಿಕೊಂಡರು.

"ಯಾರೂ ಅಲ್ಲಾಡಬೇಡಿ," ಎಂದ ದರ್ಜಿ. "ಸೊಂಟದ ಅಳತೆ ಬೇಡ ತಾನೇ?"

ಅತ್ತಿಗೆಯ ಮೂಗಿನಿಂದ ಆ ಸದ್ದು ಬಂತು. ಮುಗಿಯಿತು. ಅತ್ತಿಗೆ ನಕ್ಕ ನಗು ಅಣ್ಣನ ಕಾಲಿನಿಂದ ಹತ್ತಿ ಕಡ್ಡಿಗೆ ತಲುಪಿತು, ಆ ಕಡೆ ಡಾಕ್ಟರಿಗೆ ತಲುಪಿತು, ರೋಗಿಯ ಬಾಯಿಂದ ಹತ್ತಿ ಹಾರಿ ಕೊರಿಯರಿನವನ ಎದೆಯ ಮೇಲೆ ಬಿತ್ತು. ಅಣ್ಣ ಮೀಸೆಯಿಂದ ಆಚೆಗೂ ನಕ್ಕ. ಇಡೀ ಸಾಲು ನಡುಗುತ್ತಿತ್ತು, ದರ್ಜಿ ಟೇಪು ಹಿಡಿದು ಓಣಿಯುದ್ದಕ್ಕೂ ಮೊಣಕಾಲಲ್ಲಿ ಓಡಾಡುತ್ತಿದ್ದ. ಕೊನೆಗೆ ನಲವತ್ತು ಅಡಿ ಚಿಲ್ಲರೆ ಎಂದು ಸಾರಿದ. ಡಾಕ್ಟರು ಎದ್ದು ಕೋಟು ಕೊಡವಿಕೊಂಡು, ಇಷ್ಟು ವರ್ಷದಲ್ಲಿ ಹಲ್ಲುಗಳನ್ನು ಇಷ್ಟೊಂದು ಒಟ್ಟಿಗೆ ನೋಡಿದ್ದು ಇದೇ ಮೊದಲು ಎಂದರು.

ನಲವತ್ತು ಅಡಿ! ಆ ಎರಡು ವಾರ ಅತ್ತಿಗೆ ನಾದಿನಿಯರು ನೆಲದ ಮೇಲೆ ನಡೆದದ್ದೇ ಕಡಿಮೆ. ಕಡ್ಡಿ ಬಿದಿರಿನ ಅಟ್ಟಣೆ ಬರೆದಳು, ಒಂದರ ಮೇಲೊಂದು ಆರು ಅಂತಸ್ತು, ಒಂದೊಂದು ಆಳಿಗೆ ಒಂದೊಂದು. ಮೊಳೆಯಿಲ್ಲ, ಎಲ್ಲ ತೆಂಗಿನ ನಾರಿನ ಹಗ್ಗದ ಕಟ್ಟು. ಗೋಡೆಗೆ ಒಣ ಆಪಿನ ತಡಿಕೆ, ವರ್ಷ ವರ್ಷ ಬದಲಿಸಿಕೊಳ್ಳಬಹುದು. ಅತ್ತಿಗೆಯನ್ನು ಕಾಡಿದ್ದು ಪಾದ. ಇಷ್ಟೆತ್ತರದ್ದು ಕೆಸರಿನಲ್ಲಿ ನಿಲ್ಲುವುದು ಹೇಗೆ? ಬಚ್ಚಲುಮನೆಯಲ್ಲಿ ಕೆಸರಿನ ಬಕೆಟ್ಟಿನ ಮುಂದೆ ಕೂತು, ಬಿದಿರಿನ ಪುಟ್ಟ ಪಾದಗಳನ್ನು ಊರಿ, ಮೇಲೆ ದರ್ಜಿಯ ಇಸ್ತ್ರಿಪೆಟ್ಟಿಗೆ ಇಟ್ಟು ನೋಡಿದರು. ಮುಳುಗಿತು. ಅಗಲ ಮಾಡಿದರು. ವಾಲಿತು. ಬಾತುಕೋಳಿಯ ಪಾದದ ಹಾಗೆ ಅಗಲಿಸಿ, ಬಿದಿರಿನ ಸೀಳಿನಿಂದ ಚಾಪೆಯಂತೆ ಹೆಣೆದು ಮತ್ತೆ ಇಟ್ಟರು. ಇಸ್ತ್ರಿಪೆಟ್ಟಿಗೆ ರಾಜನ ಹಾಗೆ ನಿಂತಿತು. ಆದರೂ ಎತ್ತರಕ್ಕೆ ಗಾಳಿ ಹೊಡೆದರೆ ಎಂದು, ಪಾದದ ಸುತ್ತ ಕೆಸರಿಗೆ ಉದ್ದನೆಯ ಗೂಟಗಳನ್ನು ಇಳಿಸಬೇಕೆಂದಾಯಿತು. ಗೂಟ ಬಡಿದರೆ ಹಕ್ಕಿಗೆ ಹೆದರಿಕೆಯಲ್ಲವೇ ಎಂದು ಇಬ್ಬರಿಗೂ ಒಳಗೊಳಗೇ ಕಸಿವಿಸಿ. ಮೆಲ್ಲಗೆ ಬಡಿದರಾಯಿತು ಎಂದು ಸಮಾಧಾನ ಮಾಡಿಕೊಂಡರು.

ಅತ್ತಿಗೆ ಆ ದಿನಗಳಲ್ಲಿ ಬೆಳಿಗ್ಗೆಯೂ ನಕ್ಕರು, ಮಧ್ಯಾಹ್ನವೂ ನಕ್ಕರು. ಪ್ರತಿ ನಗುವಿಗೂ ಕಡ್ಡಿಗೆ ಖುಷಿ, ಅದರ ಹಿಂದೆಯೇ ಶನಿವಾರದ ನೆನಪು. ಅಧ್ಯಕ್ಷರು ಹೂಂ ಎಂದುಬಿಟ್ಟರೆ ಸಾಕಪ್ಪಾ, ಇನ್ನೇನೂ ಕೇಳುವುದಿಲ್ಲ ಎಂದು ಅವಳು ಯಾವ ದೇವರ ಹೆಸರೂ ಹಿಡಿಯದೆ ಬೇಡಿಕೊಂಡಳು.

ತಿಂಗಳ ಕೊನೆಯ ಶನಿವಾರ ಬಂತು. ಸಂಘದವರು ಜೌಗಿನ ಅಂಚಿಗೆ ಬರಲು ಹೇಳಿದ್ದರು. ಈ ಸಲ ಒಪ್ಪಿಗೆಯಾಗದಿದ್ದರೆ ಮತ್ತೆ ಮುಂದಿನ ವರ್ಷವೇ ಎಂದೂ ಹೇಳಿದ್ದರು. ಕಡ್ಡಿ ಮೊಣಕಾಲೆತ್ತರದ ಮಾದರಿಯೊಂದನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದಳು. ಎತ್ತರ ಎಷ್ಟಾಗುತ್ತದೆ ಎಂದು ಕಣ್ಣಿಗೆ ತೋರಿಸಲು ಒಂದು ಗ್ಯಾಸ್ ಬಲೂನು ಕೂಡ ತಂದಿದ್ದರು. ನಲವತ್ತು ಅಡಿ ದಾರ ಕಟ್ಟಿ ಮೇಲೆ ಬಿಟ್ಟರಾಯಿತು. ಅಂಗಡಿಯಲ್ಲಿ ಉಳಿದದ್ದು ಒಂದೇ ಒಂದು ಬಲೂನು. ಕೆಂಪು, ಮೇಲೆ ಹುಟ್ಟುಹಬ್ಬದ ಶುಭಾಶಯಗಳು ಎಂದು ಬರೆದಿತ್ತು.

ಅಧ್ಯಕ್ಷರು, ಇನ್ನು ನಾಲ್ಕೈದು ಮಂದಿ ಸದಸ್ಯರು, ಎಲ್ಲರೂ ತುದಿಗಾಲಲ್ಲಿ ನಡೆಯುವವರು, ಆಪಿನ ಅಂಚಿನಲ್ಲಿ ಕಾಯುತ್ತಿದ್ದರು. ಮುಂದೆ ನೀರು. ನೀರಿನ ತುಂಬ ಹಕ್ಕಿ. ಬಾತು, ಕೊಕ್ಕರೆ, ನೀರುಕಾಗೆ. ಬಕೆಟ್ಟಿನಲ್ಲಿ ಮಾತ್ರ ಜೌಗನ್ನು ಕಂಡಿದ್ದ ಕಡ್ಡಿ ಮಾದರಿಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡು ನೋಡಿದಳು. ಅತ್ತಿಗೆಯೂ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು.

"ತೋರ್ಸಿ," ಎಂದು ಪಿಸುಗುಟ್ಟಿದರು ಅಧ್ಯಕ್ಷರು.

ಅತ್ತಿಗೆ ದಾರ ಬಿಟ್ಟರು. ಬಲೂನು ಹೋಯಿತು, ಹೋಯಿತು, ಇನ್ನೂ ಹೋಯಿತು. ಆಪನ್ನು ದಾಟಿತು, ಅಲ್ಲಿದ್ದ ಒಂದೇ ಒಂದು ಮರವನ್ನು ದಾಟಿತು. ಸಂಘದವರ ತಲೆಗಳು ಅದರ ಹಿಂದೆಯೇ ಎದ್ದವು. ಹುಟ್ಟುಹಬ್ಬದ ಶುಭಾಶಯಗಳು ಆಕಾಶದಲ್ಲಿ ನಿಧಾನವಾಗಿ ತಿರುಗಿ ಎಲ್ಲ ದಿಕ್ಕಿಗೂ ಶುಭ ಕೋರಿದವು. ಅಷ್ಟೇ, ನೀರಿನ ಮೇಲಿದ್ದ ಹಕ್ಕಿಗಳು ಒಂದೂ ಬಿಡದೆ ಎದ್ದವು. ಬಿಸಿಲು ಒಂದು ಗಳಿಗೆ ಮಬ್ಬಾಯಿತು. ರೆಕ್ಕೆಯ ಗಾಳಿ ಅಡಗಿದ ಮೇಲೆ ನೋಡಿದರೆ, ಎಲ್ಲವೂ ಜೌಗಿನ ಆಚೆ ತುದಿಗೆ ಹೋಗಿ ಕೂತಿದ್ದವು.

"ಏನದು?" ಎಂದರು ಅಧ್ಯಕ್ಷರು.

"ಎತ್ತರ ಸರ್," ಎಂದಳು ಕಡ್ಡಿ. "ನೀವು ಹೇಳಿದ್ದು. ಆರಾಳು."

"ನಾನು ಹೇಳಿದ್ದು ಆರು ಜನ ಅಂತ. ಕೂತ್ಕೊಳ್ಳೋಕೆ."

ಆರು ಆಳು ಕೂರುವ ಅಟ್ಟಣೆ ಕೇಳಿದರೆ ಆರಾಳೆತ್ತರದ ಅಟ್ಟಣೆ ತಂದಿದ್ದರು ಇವರು. ಒಂದು ಮಾತನ್ನು ಹಿಡಿದು, ಓಣಿಯಲ್ಲಿ ಆರು ಜನರನ್ನು ಮಲಗಿಸಿ, ಕೈ ಎತ್ತಿಸಿ, ಅಡಿ ಇಂಚು ಲೆಕ್ಕ ಹಾಕಿ, ಕಡ್ಡಿಯನ್ನು ಗುಡ್ಡ ಮಾಡುವುದು ಎಂದರೆ ಇದೇ. ಹಳೆಯ ಕಬ್ಬಿಣದ ಗೋಪುರವೊಂದಿತ್ತಂತೆ, ಆಪಿನಿಂದ ಮೇಲಕ್ಕೆ ತಲೆ ಎತ್ತಿದ್ದಕ್ಕೇ ಹಕ್ಕಿಗಳು ಈ ಕಡೆ ಬರುವುದನ್ನು ಬಿಟ್ಟಿದ್ದವಂತೆ, ಅದನ್ನು ಕಿತ್ತುಹಾಕಿದ ಮೇಲೆಯೇ ಬಂದದ್ದಂತೆ. ಕೂತರೆ ತಲೆ ಆಪಿನ ತುದಿಗಿಂತ ಕೆಳಗಿರಬೇಕು, ಅಷ್ಟೇ ಬೇಕಾಗಿದ್ದದ್ದು. ಇದನ್ನೆಲ್ಲ ಅಧ್ಯಕ್ಷರು ಬಯ್ಯದೆ, ಬೇಸರದಿಂದ ಪಿಸುಗುಟ್ಟಿದರು.

ಕಡ್ಡಿ ಅತ್ತಿಗೆಯ ಕಡೆ ನೋಡಿದಳು. ಲೋಕದಲ್ಲಿ ಇದಕ್ಕಿಂತ ನಗಬೇಕಾದ ವಿಷಯ ಇನ್ನೊಂದಿರಲಿಲ್ಲ. ಈಗ ಭುಜ ಅಲುಗುತ್ತದೆ, ಈಗ ಮೂಗಿನ ಸದ್ದು ಬರುತ್ತದೆ ಎಂದು ಕಾದಳು. ಬರಲಿಲ್ಲ. ಅತ್ತಿಗೆ ಕೈ ಮೇಲೆ ಕೈ ಹಾಕಿ ದಾರ ಎಳೆದುಕೊಳ್ಳುತ್ತಿದ್ದರು. ಬಲೂನು ಇಳಿದು ಬಂತು. ಅತ್ತಿಗೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡರು. ಮುಖ ಅವತ್ತು ಗಾಜಿನ ಕೋಣೆಯಿಂದ ಹೊರಗೆ ಬಂದಾಗ ಇದ್ದ ಹಾಗೇ ಇತ್ತು.

"ನನ್ನದೇ ತಪ್ಪು ಸರ್. ಎಷ್ಟು ಜನ ಅಂತ ಮತ್ತೆ ಕೇಳಬೇಕಿತ್ತು," ಎಂದರು.

"ಮುಂದಿನ ವರ್ಷ ನೋಡೋಣ," ಎಂದರು ಅಧ್ಯಕ್ಷರು.

ಅತ್ತಿಗೆ ಸ್ವಲ್ಪ ದೂರ ಹೋಗಿ ಫೋನು ತೆಗೆದರು. ಕಡ್ಡಿ ಹಿಂದೆಯೇ ಹೋದಳು.

"ಯಾರಿಗೆ?"

"ಇನ್ನು ಸಂಜೆವರೆಗೆ ಯಾಕೆ ಕಾಯೋದು. ಬರ್ತೀನಿ ಅಂತ ಹೇಳಿಬಿಡ್ತೀನಿ."

ಫೋನು ಅತ್ತ ಕಡೆ ಬಡಿದುಕೊಂಡಿತು. ಯಾರೂ ಎತ್ತಲಿಲ್ಲ. ಊಟದ ಹೊತ್ತು. ಅತ್ತಿಗೆ ಫೋನನ್ನು ಕೈಯಲ್ಲೇ ಹಿಡಿದು ನೀರು ನೋಡುತ್ತ ನಿಂತರು. ಕಡ್ಡಿಗೆ ಅಳು ಉಕ್ಕಿ ಬಂತು. ಅಳುವುದರ ಬದಲು ಕೋಪ ಮಾಡಿಕೊಂಡಳು, ಅದು ಅವಳಿಗೆ ಸುಲಭ. ಕೋಪ ತೀರಿಸಿಕೊಳ್ಳಲು ಕೈಯಲ್ಲಿದ್ದದ್ದು ಆ ಮಾದರಿ. ಆರು ಅಂತಸ್ತಿನ ಆ ಮೆರವಣಿಗೆಯನ್ನು ನೋಡಿ ಮೈ ಉರಿಯಿತು. ಹಿಡಿದು ಲಟಕ್ಕನೆ ಮುರಿದಳು. ಮೇಲಿನ ಐದು ಅಂತಸ್ತು ಒಂದು ಕೈಯಲ್ಲಿ ಬಂತು, ಅದನ್ನು ಕೆಸರಿಗೆ ಎಸೆದಳು. ಕೆಳಗಿನದು ಇನ್ನೊಂದು ಕೈಯಲ್ಲಿ ಉಳಿಯಿತು.

ಉಳಿದದ್ದನ್ನೂ ಎಸೆಯಲು ಕೈ ಎತ್ತಿದವಳು ನಿಂತಳು. ಒಂದೇ ಅಂತಸ್ತು. ಅದರಡಿ ನಾಲ್ಕು ಅಗಲ ಪಾದ. ಕಡ್ಡಿ ಬಗ್ಗಿ ಅದನ್ನು ಕೆಸರಿನ ಮೇಲೆ ಇಟ್ಟಳು. ಸುಮ್ಮನೆ ಕೂತಿತು. ಕಾವಿಗೆ ಕೂತ ಬಾತಿನ ಹಾಗೆ ಕೂತಿತು.

"ಅತ್ತಿಗೆ, ಇದು ಬೀಳುತ್ತಾ?"

"ಅದೇನು ಬೀಳೋದು," ಎಂದರು ಅತ್ತಿಗೆ, ತಿರುಗಿ ನೋಡದೆ. "ಬೀಳೋಕೂ ಎತ್ತರ ಬೇಕಲ್ಲ."

"ಗೂಟ ಬಡೀಬೇಕಾ?"

ಈಗ ಅತ್ತಿಗೆ ತಿರುಗಿದರು. ನೋಡಿದರು. ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು. "ಗಾಳಿಯೇ ಹೊಡೆಯಲ್ಲ ಇಷ್ಟು ಕೆಳಗೆ. ಗೂಟ ಯಾಕೆ?" ಎಂದರು, ಕಡ್ಡಿಗಲ್ಲ, ತಮಗೆ ತಾವೇ. ಕಿವಿಯಿಂದ ಪೆನ್ಸಿಲು ಇಳಿಯಿತು. ಬರೆಯಲು ಕಾಗದವಿರಲಿಲ್ಲ, ಬಲೂನಿನ ಮೇಲೇ ಬರೆದರು, ಶುಭಾಶಯಗಳ ಕೆಳಗೆ. ತುಟಿ ಅಲುಗುತ್ತಿತ್ತು. ಅಧ್ಯಕ್ಷರೂ ಸದಸ್ಯರೂ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು.

"ಒಂದು ಗೂಟಾನೂ ಬೇಡ ಸರ್," ಎಂದರು ಅತ್ತಿಗೆ. "ಒಂದು ತೂತೂ ತೋಡೋದು ಬೇಡ. ಕೆಸರಿನ ಮೇಲೆ ಸುಮ್ನೆ ಕೂರುತ್ತೆ. ನೀರು ಹಿಂದಕ್ಕೆ ಹೋದ್ರೆ ನಿಮ್ಮ ಸಂಘದವರೇ ಎತ್ಕೊಂಡು ಹೋಗಿ ಮುಂದೆ ಇಡಬಹುದು."

"ಆರು ಜನಕ್ಕೆ ತಡಿಯುತ್ತಾ?" ಎಂದರು ಅಧ್ಯಕ್ಷರು.

ಅತ್ತಿಗೆ ಬಲೂನು ತಿರುಗಿಸಿ ಇನ್ನೊಂದು ಪಕ್ಕದಲ್ಲಿ ಲೆಕ್ಕ ಹಾಕಿದರು. ಹಾಕಿ ನಿಂತರು. ಮತ್ತೆ ಹಾಕಿದರು. ಪಾದಗಳು ನಲವತ್ತು ಅಡಿ ಎತ್ತರಕ್ಕೆಂದು ಮಾಡಿದವು, ಅಷ್ಟೂ ಅಂತಸ್ತಿನ ಭಾರಕ್ಕೆ, ಬಿರುಗಾಳಿಗೆ, ಮೇಲೆ ಹತ್ತು ಜನಕ್ಕೆ. ಅದನ್ನೆಲ್ಲ ಕಳೆದರೆ ಉಳಿಯುವುದೆಷ್ಟು?

"ಸರ್," ಎಂದರು. "ಎಂಬತ್ತು ಜನ ಕೂರ್ಬಹುದು."

"ಆರು," ಎಂದರು ಅಧ್ಯಕ್ಷರು.

"ಹೌದು ಸರ್. ಆರು. ಪಾದ ಇನ್ನೂ ಚಿಕ್ಕದು ಮಾಡ್ತೀವಿ. ಆದ್ರೆ ಈಗಿರೋದ್ರಲ್ಲಿ..." ಅತ್ತಿಗೆಯ ಭುಜ ಅಲುಗಿತು. "ಈಗಿರೋದ್ರಲ್ಲಿ ಎಂಬತ್ತು."

ಮೂಗಿನಿಂದ ಸದ್ದು ಬಂತು. ಕಡ್ಡಿ ಯಾವುದಕ್ಕೂ ಇರಲಿ ಎಂದು ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ಬಂದೇಬಿಟ್ಟಿತು. ಇಷ್ಟು ಹೊತ್ತು ತಡೆದಿಟ್ಟದ್ದೂ ಸೇರಿ, ಬಲೂನೂ ಹುಟ್ಟುಹಬ್ಬವೂ ಹಾರಿಹೋದ ಹಕ್ಕಿಗಳೂ ಸೇರಿ, ಅತ್ತಿಗೆ ನಕ್ಕ ನಗುವಿಗೆ ಕೂತಲ್ಲೇ ಹಿಂದಕ್ಕೆ ವಾಲಿ ಕೆಸರಿನಲ್ಲಿ ಧಪ್ಪೆಂದು ಕುಸಿದರು. ಕುಸಿದದ್ದಕ್ಕೆ ಇನ್ನಷ್ಟು ನಗು. ಸದಸ್ಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು, ಬೆರಳ ಸಂದಿಯಿಂದ ನಗು ಸೋರಿತು. ಹೆದರಿಸಲು ಹತ್ತಿರದಲ್ಲಿ ಒಂದು ಹಕ್ಕಿಯೂ ಉಳಿದಿರಲಿಲ್ಲವಲ್ಲ, ಇನ್ನು ತಡೆಯುವುದು ಯಾರಿಗಾಗಿ? ಕೈ ತೆಗೆದು ನಕ್ಕರು. ಅಧ್ಯಕ್ಷರು ಬಹಳ ಹೊತ್ತು ಹೋರಾಡಿದರು. ಮುಖ ಕೆಂಪಾಯಿತು. ಕೊನೆಗೆ ಅವರ ಎದೆಯಿಂದ ಒಂದು ಧ್ವನಿ ಹೊರಟಿತು ನೋಡಿ, ಎಷ್ಟೋ ವರ್ಷ ನಾಲ್ಕಾರು ಪ್ಲಾಟ್‌ಫಾರಮ್ಮುಗಳಿಗೆ ಕೇಳಿಸಿದ ಧ್ವನಿ.

"ಪ್ರಯಾಣಿಕರ ಗಮನಕ್ಕೆ," ಎಂದರು ಅಧ್ಯಕ್ಷರು, ಜೌಗೆಲ್ಲ ಮೊಳಗುವ ಹಾಗೆ. "ಆರು ಜನರ ಅಟ್ಟಣೆ ಇನ್ನು ಸ್ವಲ್ಪ ದಿನಗಳಲ್ಲಿ ಇಲ್ಲಿಗೆ ಬರಲಿದೆ. ನಲವತ್ತು ಅಡಿಯ ಅಟ್ಟಣೆ ರದ್ದಾಗಿದೆ. ಅಡಚಣೆಗಾಗಿ ವಿಷಾದಿಸುತ್ತೇವೆ."

ಕಡ್ಡಿಗೆ ಆ ಮಾತಿನ ಅರ್ಥ ತಲೆಗೆ ಹೋಗಲು ಒಂದು ಕ್ಷಣ ಬೇಕಾಯಿತು. ಒಪ್ಪಿದರು. ಒಪ್ಪಿಬಿಟ್ಟರು! ಅವಳಿಗೆ ಕುಣಿಯಬೇಕೆನಿಸಿತು, ಕುಣಿಯಲು ಕಾಲು ಕೆಸರಿನಿಂದ ಬರಲಿಲ್ಲ.

ಆಗ ಅತ್ತಿಗೆಯ ಫೋನು ಹೊಡೆದುಕೊಂಡಿತು. ಅತ್ತಿಗೆ ಕೆಸರು ಕೈ ಸೆರಗಿಗೆ ಒರೆಸಿ, ಹೆಸರು ನೋಡಿ, ಕಿವಿಗಿಟ್ಟರು. "ಸರ್," ಎಂದರು. ಅಷ್ಟೇ ಆಗಿದ್ದು. ಮತ್ತೆ ಮೂಗಿನ ಸದ್ದು, ಮತ್ತೆ ನಗು. ಮಾತಾಡಲಾಗದೆ ಫೋನನ್ನು ಕಡ್ಡಿಯ ಕೈಗೆ ತುರುಕಿದರು, ನೀನೇ ಹೇಳು ಎಂದು ಕೈಸನ್ನೆ ಮಾಡಿದರು.

"ಕಾಲ್ ಮಾಡಿದ್ರಿ," ಎನ್ನುತ್ತಿತ್ತು ಗಾಜಿನ ಕೋಣೆಯ ಧ್ವನಿ. "ಸೋಮವಾರ ಬರ್ತೀರಿ ಅಂತ ತಾನೇ?"

"ನಾನು ಅವರ ನಾದಿನಿ ಸರ್."

"ಅವರೆಲ್ಲಿ? ಏನದು ಗಲಾಟೆ?"

ನೀನೇ ಹೇಳು ಎಂದರೆ ಏನು ಹೇಳುವುದು? ಒಂದು ಸಲ ಒಂದು ಮಾತನ್ನು ತಪ್ಪು ತಿಳಿದು ಆದದ್ದು ಸಾಕಾಗಿತ್ತು. ಇದೊಂದನ್ನು ಊಹೆ ಮಾಡಿ ಹೇಳಲು ಕಡ್ಡಿಗೆ ಧೈರ್ಯವಾಗಲಿಲ್ಲ. ಫೋನನ್ನು ಎದೆಗೆ ಒತ್ತಿ ಹಿಡಿದು, ಇಷ್ಟು ದಿನ ನುಂಗಿಕೊಂಡಿದ್ದನ್ನು ಹೇಳಿಯೇಬಿಟ್ಟಳು.

"ಹೋಗ್ಬೇಡಿ ಅತ್ತಿಗೆ. ನೀವಿಲ್ದೆ ನನಗೆ ಆ ಕೋಣೇಲಿ ಕೂರೋಕಾಗಲ್ಲ."

ಅತ್ತಿಗೆ ನಗುತ್ತಲೇ ಇದ್ದರು, ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. ಅದರ ಮಧ್ಯೆಯೇ ತಲೆಯನ್ನು ಅತ್ತಿತ್ತ ಆಡಿಸಿದರು. ಆ ಆಡಿಸುವುದರಲ್ಲಿ ಎರಡರ್ಥಕ್ಕೆ ಜಾಗವಿರಲಿಲ್ಲ.

"ಹೋಗಲ್ಲ ಕಣೇ, ಕೋತಿ," ಎಂದರು ಬಿಕ್ಕುತ್ತ. "ಇಷ್ಟು ಕೇಳೋಕೆ ಇಷ್ಟು ದಿನ ಬೇಕಾಯ್ತಾ ನಿನಗೆ?"

ಕಡ್ಡಿ ಫೋನನ್ನು ಮತ್ತೆ ಕಿವಿಗಿಟ್ಟಳು. ಅತ್ತ ಕಡೆಯವರು ಹಲೋ ಹಲೋ ಎನ್ನುತ್ತಿದ್ದರು.

"ಗಲಾಟೆ ಅಲ್ಲ ಸರ್," ಎಂದಳು. "ಅತ್ತಿಗೆ ಕೆಲಸ ಮಾಡ್ತಿದಾರೆ. ಸೋಮವಾರಾನೂ ಬಿಡುವಿಲ್ಲ."

ಫೋನು ಮುಚ್ಚಿ, ಕಡ್ಡಿ ಅತ್ತಿಗೆಯ ಪಕ್ಕ ಕೆಸರಿನಲ್ಲೇ ಕೂತಳು.